ಕೋಡಮ್ಮನ ಹೂ ಕೇಳಲು ಹೋದ ದಿನ

ಅರಕಲಗೂಡಿನಿಂದ ಹೊಳೆನರಸೀಪುರದ ಬಸ್ಸು ಬೆಳಿಗ್ಗೆ ಆರೂ ಮುಕ್ಕಾಲಿಗೆ ಹೊರಟಿತು. ಕಾರ್ತಿಕದ ಮಂಗಳವಾರ. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ, ಚಳಿಗಾಳಿ ಕಿವಿಗೆ ಹೊಡೆಯುತ್ತಿತ್ತು. ಪಕ್ಕದಲ್ಲಿ ನನ್ನ ಮೈದುನನ ಹೆಂಡತಿ, ನಿಮ್ಮ ಚಿಕ್ಕಜ್ಜಿ ಜಯಮ್ಮ ಶಾಲು ಹೊದ್ದು ಕೂತಿದ್ದಳು. ನನ್ನ ಮಡಿಲಲ್ಲಿ ಒಂದು ಬಟ್ಟೆಚೀಲ. ಅದರಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಅರಿಶಿನದ ಪೊಟ್ಟಣ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಳಿ ಸೇವಂತಿಗೆ. ಹೂವನ್ನು ಹಿತ್ತಲಿನಿಂದ ನಾನೇ ಕೊಯ್ದಿದ್ದೆ. ಕೊಯ್ದುಕೊಡುತ್ತೇನೆಂದು ಜಯಮ್ಮ ಬಂದಾಗ ಬೇಡವೆಂದಿದ್ದೆ.

ಚಂದನಾ, ಅವತ್ತು ನಾವು ಹೇಳದೆ ಕೇಳದೆ ಯಾಕೆ ಹಾಸನಕ್ಕೆ ಬಂದಿದ್ದೆವು ಎಂದು ನೀನು ಹೋದ ಬೇಸಿಗೆಯಲ್ಲಿ ಕೇಳಿದೆ. ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ನಿನ್ನ ತಮ್ಮ ಮನುವಿಗೂ ಈಗ ಓದಲು ಬರುತ್ತದೆ. ಇಬ್ಬರೂ ಓದಿಕೊಳ್ಳಿ ಎಂದು ಬರೆಯುತ್ತಿದ್ದೇನೆ. ಆ ದಿನ ನಾವು ಹೊರಟದ್ದು ನಿಮ್ಮಿಬ್ಬರನ್ನು ನಿಮ್ಮ ಅಮ್ಮನ ಹತ್ತಿರ ಬಿಡುವುದೋ ನಮ್ಮ ಮನೆಗೆ ಕರೆತರುವುದೋ ಎಂದು ದೇವರನ್ನು ಕೇಳುವುದಕ್ಕೆ.

ನಿಮ್ಮ ಅಪ್ಪ ತೀರಿಕೊಂಡು ಒಂದು ವರ್ಷಕ್ಕೆ ನಿಮ್ಮ ಅಮ್ಮ ಶೋಭಾ ನಿಮ್ಮನ್ನು ಕರೆದುಕೊಂಡು ಹಾಸನ ಸೇರಿದಳು. ಗಾರ್ಮೆಂಟ್ಸಿನಲ್ಲಿ ಕೆಲಸ, ಒಂದು ಬಾಡಿಗೆ ಮನೆ. ನಾನು ಬೇಡವೆನ್ನಲಿಲ್ಲ, ಸರಿಯೆಂದೂ ಅನ್ನಲಿಲ್ಲ. ಆಮೇಲೆ ಜಯಮ್ಮ ಒಂದೊಂದೇ ಸುದ್ದಿ ತರತೊಡಗಿದಳು. ಶೋಭಾ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಿ ಕೆಲಸಕ್ಕೆ ಹೋಗುತ್ತಾಳಂತೆ. ಯಾವನೋ ಗಂಡಸು ಸ್ಕೂಟರಿನಲ್ಲಿ ಮನುವನ್ನು ಕೂರಿಸಿಕೊಂಡು ಹೋಗುವುದನ್ನು ನಮ್ಮೂರಿನವರು ಕಂಡರಂತೆ. ಕೇಳಿ ಕೇಳಿ ಸೊಸೆಯ ಮೇಲೆ ಅನುಮಾನ ಬಂತು. ಅದರ ಜೊತೆಗೇ ಜಯಮ್ಮನ ಮೇಲೂ ಬಂತು. ನಿಮ್ಮ ಅಪ್ಪನ ಪಾಲಿನ ಎರಡು ಎಕರೆ ಜೋಳದ ಹೊಲವನ್ನು ಮೈದುನನೇ ಉಳುತ್ತಿದ್ದ. ಮಕ್ಕಳು ಮನೆಯಲ್ಲಿದ್ದರೆ ಹೊಲವೂ ಮನೆಯಲ್ಲೇ ಇರುತ್ತದೆ ಎಂಬ ಲೆಕ್ಕ ನನಗೂ ತಿಳಿಯುತ್ತದೆ.

"ಕೋಡಮ್ಮನ್ನ ಕೇಳವಾ ಅಕ್ಕ" ಎಂದಳು ಜಯಮ್ಮ. "ಅವ್ಳು ಬಲಕ್ಕೆ ಕೊಟ್ರೆ ಅಲ್ಲಿಂದ್ಲೇ ಆಸ್ನಕ್ಕೆ ಓಗಿ ಮಕ್ಳ ಕರ್ಕಬರವಾ. ಎಡಕ್ಕೆ ಕೊಟ್ರೆ ನಾನು ಇನ್ನು ಆ ಮಾತೇ ಎತ್ತಲ್ಲ." ನಾನು ಒಪ್ಪಿದೆ.

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿದೆವು, ಹೆಂಗಸರಾದ್ದರಿಂದ ದುಡ್ಡು ಕೊಡುವಂತಿರಲಿಲ್ಲ. ದಾರಿಯುದ್ದಕ್ಕೂ ಹೊಗೆಸೊಪ್ಪು ಬೇಯಿಸುವ ಮನೆಗಳು, ಆಮೇಲೆ ಶುಂಠಿ ಹೊಲ, ಆಮೇಲೆ ಬರೀ ಜೋಳ. ಮೂವತ್ತು ಕಿಲೋಮೀಟರಿಗೆ ಒಂದು ಗಂಟೆಯ ಮೇಲಾಯಿತು. ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಜಯಮ್ಮ ಹೋಟೆಲಿಗೆ ನುಗ್ಗಿ ಎರಡು ಇಡ್ಲಿ, ಒಂದು ವಡೆ ಹೇಳಿದಳು.

"ಉಪಾಸ ಅಲ್ವೇನೇ?" ಎಂದೆ.

"ಕೇಳೋಳು ನೀನು, ಉಪಾಸ ನಿಂಗೆ. ನಾನು ಜೊತೆಗೆ ಬಂದೋಳು ಕಣಕ್ಕ, ನಂಗ್ಯಾತಕ್ಕೆ?" ಎಂದು ವಡೆಯನ್ನು ಚಟ್ನಿಗೆ ಅದ್ದಿದಳು. ನಾನು ಬರೀ ಒಂದು ಲೋಟ ನೀರು ಕುಡಿದೆ.

ಚನ್ನರಾಯಪಟ್ಟಣದ ಬಸ್ಸಿನಲ್ಲಿ ನನ್ನ ಎದುರು ಸೀಟಿನಲ್ಲಿ ಒಬ್ಬ ಹೆಂಗಸು ಮೂರು ವರ್ಷದ ಒಂದು ಹೆಣ್ಣುಮಗುವನ್ನು ಮಲಗಿಸಿಕೊಂಡಿದ್ದಳು. ಮಗು ಬೆಳ್ಳಗೆ ದುಂಡಗಿತ್ತು, ಹೊಸ ಫ್ರಾಕು ಹಾಕಿತ್ತು. ಹೆಂಗಸು ಕಪ್ಪಗೆ ಬಡಕಲಾಗಿದ್ದಳು, ಸೀರೆ ಹಳೆಯದು. ಬಸ್ಸು ಇಷ್ಟು ಕುಲುಕಿದರೂ ಮಗು ಏಳಲಿಲ್ಲ. ಮಕ್ಕಳನ್ನು ಕದಿಯುವವರ ವಿಚಾರ ಫೋನಿನಲ್ಲಿ ಬರುತ್ತಲೇ ಇರುತ್ತದೆಯಲ್ಲ, ನನಗೆ ಅದೇ ಹೊಳೆಯಿತು. ಮಾತಾಡಿಸಿ ನೋಡೋಣವೆಂದು ಒಂದು ಬಾಳೆಹಣ್ಣು ಮುರಿದು ಕೊಡಹೋದೆ. ಅವಳು ಮಗುವನ್ನು ಇನ್ನಷ್ಟು ಎದೆಗೆ ಎಳೆದುಕೊಂಡು, "ಬ್ಯಾಡಿ. ಕಂಡೋರು ಕೊಟ್ಟಿದ್ದ ನಾವು ತಿನ್ಸಲ್ಲ" ಎಂದಳು. ಇಳಿಯುವವರೆಗೂ ಅವಳು ನನ್ನ ಮೇಲೆ ಕಣ್ಣಿಟ್ಟಿದ್ದಳು, ನಾನು ಅವಳ ಮೇಲೆ ಕಣ್ಣಿಟ್ಟಿದ್ದೆ. ಇಳಿಯುವಾಗ ಮಗು ಎಚ್ಚೆತ್ತು "ಅವ್ವಾ, ಉಚ್ಚೆ" ಎಂದಿತು. ನನಗೆ ನಾಚಿಕೆಯಾಯಿತು. ಮುರಿದ ಬಾಳೆಹಣ್ಣನ್ನು ಜಯಮ್ಮ ತಿಂದಳು.

ಚನ್ನರಾಯಪಟ್ಟಣದಿಂದ ಕೋಡಮ್ಮನ ಗುಡಿಗೆ ಎಂಟು ಕಿಲೋಮೀಟರು. ಹೋಗಿ ಕಾಯ್ದು ಬರುವುದಕ್ಕೆ ಆಟೋದವನು ಮುನ್ನೂರು ಕೇಳಿ ಇನ್ನೂರೈವತ್ತಕ್ಕೆ ಒಪ್ಪಿದ. ಕೆರೆಯ ನೀರು ಕೋಡಿ ಬೀಳುವ ಜಾಗದ ಪಕ್ಕದಲ್ಲಿ ಹೆಂಚಿನ ಚಿಕ್ಕ ಗುಡಿ. ಒಳಗೆ ಅಮ್ಮನಿಗೆ ಮುಖವಿಲ್ಲ, ಕೈಯಿಲ್ಲ. ಸೊಂಟದೆತ್ತರದ ಒಂದು ಕಲ್ಲು, ಅದಕ್ಕೆ ಅರಿಶಿನ. ಇಲ್ಲಿ ಹೂ ಕೇಳುವ ಕ್ರಮ ಬೇರೆ ಕಡೆಯ ಹಾಗಲ್ಲ. ಹೂವಿನ ಎರಡು ಎಸಳನ್ನು ನೀರಿನಲ್ಲಿ ಅದ್ದಿ ಅಮ್ಮನ ಬಲಕ್ಕೊಂದು ಎಡಕ್ಕೊಂದು ಅಂಟಿಸಬೇಕು. ಯಾವುದು ಮೊದಲು ಬೀಳುತ್ತದೋ ಅದು ಅಪ್ಪಣೆ. ಆದರೆ ಪೂಜಾರಿ ಆ ಎಸಳನ್ನು ಮುಟ್ಟುವಂತಿಲ್ಲ. ಹಿಂದೆ ಯಾವನೋ ಒಬ್ಬ ಪೂಜಾರಿ ಕೈಚಳಕ ಮಾಡಿದನೆಂದು ಊರವರು ಸೇರಿ ಈ ಕಟ್ಟು ಮಾಡಿದರಂತೆ. ಕೇಳುವವರೇ ಅಂಟಿಸಬೇಕು.

ಪೂಜಾರಿ ರಾಗಿ ಕುಯ್ಲಿನಿಂದ ಎದ್ದು ಬಂದಿದ್ದ. ಕಾಲು ತೊಳೆದು ಒಳಗೆ ಹೋಗಿ ದೀಪ ಹಚ್ಚಿದ. ನಾನು ಕಾಲು ತೊಳೆದು ಬರುವಷ್ಟರಲ್ಲಿ ಜಯಮ್ಮ ಒಳಗಿದ್ದಳು. ನಾನು ಹೊಸ್ತಿಲ ಹೊರಗೇ ನಿಂತೆ. ಗಂಡನಿಲ್ಲದವಳು ಒಳಗೆ ಹೋಗಿ ಅಮ್ಮನನ್ನು ಮುಟ್ಟಬಹುದೋ ಇಲ್ಲವೋ ಎಂದು ನನಗೆ ಅಳುಕು. ಅವನಿಗೆ ಅರ್ಥವಾಯಿತು.

"ಬಾರವ್ವ ಒಳೀಕೆ. ಮಕ್ಳಿಗೋಸ್ಕರ ಬಂದೋರಿಗೆ ಅಮ್ಮ ಆ ಭೇದ ನೋಡಲ್ಲ. ಏನಂತ ಕೇಳ್ತೀರ?"

ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ, "ಮೊಮ್ಮಕ್ಳ ನಾವು ಕರ್ಕಬರದಾ, ಇಲ್ಲ ಅವ್ರ ತಾಯಿ ತಾವೇ ಬುಡದಾ ಅಂತ ಸಾಮಿ. ಕರ್ಕಬರದಾದ್ರೆ ಬಲಕ್ಕೆ" ಎಂದಳು.

"ಕೇಳೋರು ಯಾರೋ ಅವ್ರೇ ಬಾಯ್ಬುಟ್ಟು ಏಳ್ಬೇಕು. ಇಲ್ಲಿ ವಕೀಲ್ರ ಇಟ್ಕಳಂಗಿಲ್ಲ ಕಣವ್ವ" ಎಂದ ಪೂಜಾರಿ.

ನಾನೇ ಹೇಳಿದೆ. ಚಂದನಾ, ಮನು ಎಂದು ನಿಮ್ಮ ಹೆಸರು ಹೇಳಿ, ಈ ಮಕ್ಕಳಿಗೆ ಕೇಡು ತಟ್ಟದ ಹಾಗೆ ದಾರಿ ತೋರಿಸು ತಾಯಿ ಎಂದೆ. ಎರಡು ಎಸಳನ್ನು ಒಂದೇ ಅಳತೆಯವು ಆರಿಸಿ, ಚೊಂಬಿನಲ್ಲಿ ಅದ್ದಿ, ಎರಡು ಕಡೆಗೂ ಅಂಟಿಸಿ ಹಿಂದೆ ಬಂದು ಕೂತೆ.

ಹೊರಗೆ ಕೋಡಿಯ ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅರ್ಧ ಗಂಟೆಯಾಗಿರಬೇಕು. ಬಲಗಡೆಯ ಎಸಳು ಅಂಚಿನಲ್ಲಿ ಸುರುಟಿ, ಸ್ವಲ್ಪ ಜಾರಿ, ಬಿತ್ತು.

"ಕೊಟ್ಬುಟ್ಲಲ್ಲ ತಾಯಿ" ಎಂದು ಜಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ನನಗೂ ಕಣ್ಣಲ್ಲಿ ನೀರು ಬಂತು. ನೀವು ನಮ್ಮ ಮನೆಗೆ ಬರುತ್ತೀರಿ ಎಂಬ ಸಂತೋಷವೇ ಅದು, ಸುಳ್ಳು ಹೇಳುವುದಿಲ್ಲ.

ಪೂಜಾರಿ ತೀರ್ಥ ಕೊಟ್ಟು, ಬಿದ್ದ ಎಸಳನ್ನು ನನ್ನ ಸೆರಗಿಗೆ ಹಾಕಿದ. ಆಮೇಲೆ ಕಲ್ಲಿನ ಮೇಲೆ ಎರಡು ಚೊಂಬು ನೀರು ಸುರಿದ. ಅರಿಶಿನವೆಲ್ಲ ಇಳಿದುಹೋಯಿತು, ಎಡಗಡೆಯ ಎಸಳು ಮಾತ್ರ ಅಲ್ಲೇ ಇತ್ತು. ಇನ್ನೊಂದು ಚೊಂಬು ಸುರಿದ. ಆಗಲೂ ಹೋಗಲಿಲ್ಲ. ಕೊನೆಗೆ ಉಗುರಿನಲ್ಲಿ ಕೆರೆದು ತೆಗೆದ.

"ಇದೇನವ್ವ, ಮೇಣ ಆಕ್ದಂಗೆ ಕಚ್ಕಂಡೈತೆ" ಎಂದು ನಕ್ಕ.

ಜಯಮ್ಮ ನಗಲಿಲ್ಲ. ನನ್ನ ಸಂತೋಷ ಅಲ್ಲಿಗೇ ನಿಂತಿತು.

ಚನ್ನರಾಯಪಟ್ಟಣಕ್ಕೆ ವಾಪಸು ಬಂದು ಹೋಟೆಲಿನಲ್ಲಿ ಅನ್ನ ಸಾಂಬಾರು ತೆಗೆದುಕೊಂಡೆವು, ಪ್ಲೇಟಿಗೆ ಅರವತ್ತು ರೂಪಾಯಿ. ಬೆಳಗಿನಿಂದ ಹಸಿದಿದ್ದರೂ ನನಗೆ ಸೇರಲಿಲ್ಲ. ನಾನು ಕೋಡಿಯ ನೀರಿನಲ್ಲಿ ಕಾಲು ತೊಳೆಯುತ್ತಿದ್ದಾಗ ಜಯಮ್ಮ ಮೊದಲೇ ಗುಡಿಯೊಳಗೆ ಹೋಗಿದ್ದಳಲ್ಲ, ಆಗ ಕಲ್ಲಿನ ಎಡಕ್ಕೆ ಏನಾದರೂ ಸವರಿದಳೋ? ಇಲ್ಲವೇ ಪೂಜಾರಿಗೆ ಮೊದಲೇ ಫೋನು ಮಾಡಿಸಿದ್ದಳೋ? ಅವನು ನಕ್ಕದ್ದು ಯಾಕೆ? ಹಾಸನದ ಬಸ್ಸು ಹತ್ತಿದ ಮೇಲೂ ಇದೇ. ಬಸ್ಸಿನಲ್ಲಿ ಯಾರೋ ಬೂವನಹಳ್ಳಿಯ ಹೊಸ ನಿಲ್ದಾಣಕ್ಕೆ ವಿಮಾನ ಬರುವುದರ ಬಗ್ಗೆ ಜಗಳದ ಹಾಗೆ ಮಾತಾಡುತ್ತಿದ್ದರು. ಒಬ್ಬ ಬಂದೇ ಬರುತ್ತದೆ ಎನ್ನುತ್ತಿದ್ದ, ಇನ್ನೊಬ್ಬ "ನಮ್ ಕಾಲಕ್ಕಿಲ್ಲ ಬುಡ್ಲಾ" ಎನ್ನುತ್ತಿದ್ದ. ಜಯಮ್ಮ ನಿದ್ದೆ ಹೋಗಿದ್ದಳು. ಮೋಸ ಮಾಡಿದವರಿಗೆ ಇಷ್ಟು ಸುಖವಾದ ನಿದ್ದೆ ಬರುತ್ತದೆಯೇ ಎಂದು ಅವಳ ಮುಖವನ್ನೇ ನೋಡುತ್ತಾ ಬಂದೆ.

ಹಾಸನದಲ್ಲಿ ಇಳಿದಾಗ ನಾಲ್ಕೂ ಮುಕ್ಕಾಲು. ಆಟೋಗೆ ಎಪ್ಪತ್ತು ರೂಪಾಯಿ. ಓನರ್ ಮನೆಯ ಹಿಂದೆ ಸಾಲಾಗಿ ಮೂರು ಶೀಟಿನ ಮನೆಗಳು, ಕೊನೆಯದು ನಿಮ್ಮದು. ಬಾಗಿಲು ಹಾಕಿತ್ತು. ಒಳಗೆ ಟಿವಿ ಸದ್ದು. ತಟ್ಟಿದ ಕೂಡಲೇ ಸದ್ದು ನಿಂತಿತು.

"ಯಾರು?" ಚಂದನಾ, ಅದು ನಿನ್ನ ದನಿ.

"ನಾನು ಕಣವ್ವ, ಅಜ್ಜಿ."

ಕಿಟಕಿಯ ಪರದೆ ಒಂದು ಬೆರಳಷ್ಟು ಸರಿಯಿತು. ನಿನ್ನ ಒಂದು ಕಣ್ಣು ಕಂಡಿತು. ಚಿಲಕ ತೆಗೆಯುವ ಸದ್ದು ಬರಲಿಲ್ಲ.

"ಅಜ್ಜಿ, ಮಾತು ಹೇಳಿ."

"ಏನು ಮಾತು?"

"ಅಮ್ಮ ಒಂದು ಮಾತು ಹೇಳಿಕೊಟ್ಟಿದಾರೆ. ಅದನ್ನ ಹೇಳಿದೋರಿಗೆ ಮಾತ್ರ ಬಾಗಿಲು ತೆಗೀಬೇಕು."

ಜಯಮ್ಮನಿಗೆ ರೇಗಿತು. "ಏನೇ ಇದು, ನಿಮ್ಮಪ್ಪನ್ನ ಎತ್ತಿ ಆಡ್ಸಿರೋ ಕೈ ಕಣೇ ಇದು. ಮಾತಂತೆ ಮಾತು. ತೆಗಿಯೇ ಬಾಗ್ಲ."

"ಗೊತ್ತು ಚಿಕ್ಕಜ್ಜಿ. ಆದ್ರೂ ಮಾತು ಹೇಳಿ."

"ತೆಗಿ ಅಕ್ಕ, ಅಜ್ಜಿ ಬಾಳೆಹಣ್ಣು ತಂದಿರ್ತಾರೆ" ಎಂದು ಒಳಗಿನಿಂದ ಮನು.

"ಸುಮ್ನಿರೋ ನೀನು."

ನಿನಗೆ ಆಗ ಹನ್ನೊಂದು ವರ್ಷ. ಆದರೂ ಬಾಗಿಲು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯ ಸರಳುಗಳ ನಡುವೆ ಒಂದು ಲೋಟ ನೀರು ಬಂತು, ಆಮೇಲೆ ಇನ್ನೊಂದು. ಆಮೇಲೆ ಮಡಿಸಿದ ಬೆಡ್‌ಶೀಟೊಂದನ್ನು ತೂರಿಸಿ ನೀನು, "ನೆಲ ತಣ್ಣಗಿರುತ್ತೆ, ಹಾಸ್ಕೊಂಡು ಕೂತ್ಕೊಳ್ಳಿ. ಅಮ್ಮ ಆರೂವರೆಗೆ ಬರ್ತಾರೆ" ಎಂದೆ.

ನಾವಿಬ್ಬರೂ ಬಾಗಿಲ ಮುಂದೆ ಕೂತೆವು. ಓನರ್ ಮನೆಯವರು ಮೇಲಿನಿಂದ ಎರಡು ಸಲ ಬಗ್ಗಿ ನೋಡಿದರು. ಜಯಮ್ಮ ಗೊಣಗುತ್ತಲೇ ಇದ್ದಳು. "ನೋಡ್ದಾ, ಮಕ್ಳ ತಲೇಲಿ ಏನ್ ತುಂಬವ್ಳೆ ಅಂತ. ಸ್ವಂತ ಅಜ್ಜೀನ ಬೀದೀಲಿ ಕೂರ್ಸೋದು. ಅಮ್ಮ ಸುಮ್ಮನೆ ಬಲಕ್ಕೆ ಕೊಟ್ಲಾ?"

ಮೊದಲು ನನಗೂ ಸಿಟ್ಟು ಬಂತು. ಆಮೇಲೆ ಕೂತು ಕೂತು ಬೇರೆ ರೀತಿ ಯೋಚನೆ ಬಂತು. ನಾನು ದಿನಾ ದೀಪ ಹಚ್ಚಿ ಏನು ಕೇಳಿಕೊಳ್ಳುತ್ತಿದ್ದೆ? ಮಕ್ಕಳಿಗೆ ಯಾರ ಕಣ್ಣೂ ಬೀಳದಿರಲಿ, ಕೆಟ್ಟವರು ಹತ್ತಿರ ಬಾರದಿರಲಿ, ಒಳ್ಳೆ ಬುದ್ಧಿ ಇರಲಿ. ಈಗ ಆ ಬಾಗಿಲ ಹಿಂದೆ ಇರುವುದು ಅದಲ್ಲದೆ ಮತ್ತೇನು? ಗುರುತು ಹಿಡಿದೂ ತೆಗೆಯದ ಹುಡುಗಿ, ತೆಗೆಯದೆಯೂ ನೀರು ಕೊಟ್ಟ ಹುಡುಗಿ. ಇವಳನ್ನು ಇಲ್ಲಿಂದ ಎಬ್ಬಿಸಿಕೊಂಡು ಹೋಗಿ ನಾನು ಯಾವ ಕೇಡಿನಿಂದ ಕಾಪಾಡಲಿ?

ಹಾಗಾದರೆ ಅಮ್ಮ ಯಾಕೆ ಬಲಕ್ಕೆ ಕೊಟ್ಟಳು? ಮತ್ತೆ ಆ ಎಡದ ಎಸಳಿಗೇ ಬಂದು ನಿಂತೆ. ಪೂಜಾರಿ ಅದನ್ನು ಮುಟ್ಟಿರಲಿಲ್ಲ. ಜಯಮ್ಮ ಮುಟ್ಟಿರಲಿಲ್ಲ. ಹೂ ನನ್ನ ಚೀಲದ್ದು, ಎಸಳು ಕಿತ್ತದ್ದು ನಾನು. ಮೊದಲ ಬಾರಿಗೆ ನನ್ನ ಕೈಯನ್ನೇ ನೆನಪು ಮಾಡಿಕೊಂಡೆ. ಬಲದ ಎಸಳನ್ನು ಬೆರಳ ತುದಿಯಲ್ಲಿ ಹಗುರಾಗಿ ಇಟ್ಟು ಕೈ ತೆಗೆದಿದ್ದೆ. ಎಡದ ಎಸಳನ್ನು ಹಸಿ ಅರಿಶಿನದ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ತಿಕ್ಕಿದ್ದೆ. ಬೇಕೆಂದು ಮಾಡಿದೆನೆ? ಅಲ್ಲ ಎನ್ನಬಹುದು. ಆದರೆ ಬೆರಣಿ ತಟ್ಟಿ ಮುದಿಯಾದ ಕೈ ಇದು. ಎಷ್ಟು ಒತ್ತಿದರೆ ಏನು ನಿಲ್ಲುತ್ತದೆ ಎಂಬುದು ಅದಕ್ಕೆ ನನಗಿಂತ ಚೆನ್ನಾಗಿ ಗೊತ್ತು.

ನಿಮ್ಮ ಅಮ್ಮ ಬಂದಾಗ ಆರೂ ಮುಕ್ಕಾಲು. ಕಾರ್ಖಾನೆಯ ಗುರುತಿನ ಚೀಟಿ ಇನ್ನೂ ಕತ್ತಿನಲ್ಲಿತ್ತು. ನಮ್ಮನ್ನು ಕಂಡು ನಿಂತಳು. ನಗಲಿಲ್ಲ. "ಯಾವಾಗ ಬಂದ್ರಿ ಅತ್ತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಿಟಕಿಗೆ ಬಾಯಿಟ್ಟು ಏನೋ ಪಿಸುಗುಟ್ಟಿದಳು. ಹೆತ್ತ ತಾಯಿಯೂ ಆ ಮಾತು ಹೇಳಿದ ಮೇಲೆಯೇ ಚಿಲಕ ತೆಗೆದದ್ದು.

ಒಳಗೆ ಕೂತ ಮೇಲೆ ಜಯಮ್ಮ ನೇರವಾಗಿ ಕೇಳಿದಳು. "ಮನೂನ ಸ್ಕೂಟ್ರಲ್ಲಿ ಕರ್ಕಂಡೋಗೋ ಗಂಡ್ಸು ಯಾರವ್ವ?"

"ಓನರ್ ಮಗ. ಮನುಗೆ ಜ್ವರ ಬಂದು ಕಣ್ಣು ಮೇಲಾಗಿತ್ತು, ಆಸ್ಪತ್ರೆಗೆ ಬಿಟ್ರು. ಅವತ್ತು ಮಾವಂಗೆ ನಾಲ್ಕು ಸಲ ಫೋನ್ ಮಾಡಿದ್ದೆ ಚಿಕ್ಕತ್ತೆ. ಎತ್ತಲಿಲ್ಲ."

ಮಾವ ಎಂದರೆ ಜಯಮ್ಮನ ಗಂಡ. ನಮ್ಮ ಮನೆಯ ಫೋನು ಅವನ ಜೇಬಿನಲ್ಲೇ ಇರುತ್ತದೆ. ನನಗೆ ಜ್ವರದ ಸುದ್ದಿಯೇ ಬಂದಿರಲಿಲ್ಲ.

"ಮತ್ತೆ ಈ ಮಾತು ಗೀತು ಎಲ್ಲ ಯಾಕೆ?" ಎಂದು ನಾನು ಕೇಳಿದೆ.

ಶೋಭಾ ನಿಮ್ಮಿಬ್ಬರನ್ನೂ ಓನರ್ ಮನೆಗೆ ಮೊಸರು ತರಲು ಕಳಿಸಿದಳು. ಆಮೇಲೆ ಹೇಳಿದಳು. ಹದಿನೈದು ದಿನದ ಹಿಂದೆ ಶಾಲೆಯ ಗೇಟಿನಲ್ಲಿ ಒಬ್ಬ ಗಂಡಸು ನಿನ್ನನ್ನು ಕರೆದಿದ್ದನಂತೆ. ನಾನು ನಿಮ್ಮೂರಿನವನು, ನಿಮ್ಮ ಅಜ್ಜಿ ಕಳಿಸಿದಾರೆ, ಬೈಕು ಹತ್ತು ಎಂದನಂತೆ. ಅಷ್ಟರಲ್ಲಿ ಟೀಚರು ಬಂದರಂತೆ, ಅವನು ಹೊರಟುಹೋದನಂತೆ.

"ನಾನು ಯಾರನ್ನೂ ಕಳಿಸಿಲ್ಲ ಕಣವ್ವ" ಎಂದೆ.

"ಕಳಿಸಿದ್ದೀರ ಅಂತ ನಾನೂ ಅನ್ಲಿಲ್ಲ ಅತ್ತೆ. ಕಳಿಸಿಲ್ಲ ಅಂತ ಹೆಂಗೆ ತಿಳ್ಕೊಳ್ಳಿ?"

ನಾನು ಜಯಮ್ಮನ ಮುಖ ನೋಡಿದೆ. ಅವಳು ಆಗಲೇ ನನ್ನ ಮುಖ ನೋಡುತ್ತಿದ್ದಳು. ಆ ಗಂಡಸು ಯಾರು ಎಂದು ಇವತ್ತಿನವರೆಗೂ ಗೊತ್ತಾಗಿಲ್ಲ.

ಜಯಮ್ಮ ನನ್ನ ಮೊಣಕೈ ತಿವಿದಳು. "ಏಳಕ್ಕ. ಅಮ್ಮ ಬಲಕ್ಕೆ ಕೊಟ್ಲು ಅಂತ ಏಳು."

"ಏನು ಬಲಕ್ಕೆ?" ಎಂದಳು ಶೋಭಾ. ಅವಳ ಕೈ ಗುರುತಿನ ಚೀಟಿಯ ದಾರವನ್ನು ಬಿಗಿಯಾಗಿ ಹಿಡಿದಿತ್ತು.

"ಏನಿಲ್ಲ ಕಣವ್ವ. ಕೋಡಮ್ಮನ ಗುಡಿಗೆ ಹೋಗಿದ್ವಿ. ಮಕ್ಕಳಿಗೆ ಪ್ರಸಾದ ಕೊಟ್ಟು ಹೋಗೋಣ ಅಂತ ಬಂದ್ವಿ" ಎಂದೆ. ಕಾಯಿ ಹೋಳು, ಉಳಿದ ಬಾಳೆಹಣ್ಣು ಅವಳ ಮುಂದಿಟ್ಟೆ. ನೀವು ಮೊಸರು ತಂದಿರಿ. ಮನು ನಿಂತಲ್ಲೇ ಮೂರು ಹಣ್ಣು ತಿಂದ.

ಹೊರಡುವಾಗ ನಾನು ಶೋಭಾಳನ್ನು ಪಕ್ಕಕ್ಕೆ ಕರೆದು ಆ ಮಾತು ಏನೆಂದು ಕೇಳಿದೆ. ಇನ್ನೊಂದು ಸಲ ಬಂದರೆ ಹೊರಗೆ ಕೂರುವುದು ತಪ್ಪುತ್ತದಲ್ಲ ಎಂದೆ.

"ಬೇಡಿ ಅತ್ತೆ. ನಿಮ್ಮ ಬಾಯಿಂದ ಯಾರಾದ್ರೂ ಸುಲಭವಾಗಿ ತಗೊಂಡ್ಬಿಡ್ತಾರೆ" ಎಂದಳು.

ಕೊಡದಿದ್ದದ್ದೇ ಸರಿ. ನಾನಾದರೂ ಕೊಡುತ್ತಿರಲಿಲ್ಲ. ನೀವಿಬ್ಬರೂ ಬಾಗಿಲಲ್ಲಿ ನಿಂತು ಕೈ ಬೀಸಿದಿರಿ. ಗೇಟು ದಾಟಿ ತಿರುಗಿ ನೋಡಿದಾಗ ಬಾಗಿಲು ಮುಚ್ಚಿತ್ತು, ಚಿಲಕ ಬಿದ್ದ ಸದ್ದು ಅಲ್ಲಿಗೂ ಕೇಳಿಸಿತು.

ಅರಕಲಗೂಡಿನ ಬಸ್ಸಿನಲ್ಲಿ ಹಾಸನದ ದೀಪಗಳು ಹಿಂದಾದ ಮೇಲೆ ಜಯಮ್ಮ, "ಅಮ್ಮನ ಅಪ್ಪಣೆ ಮೀರ್ದೆ. ಮಕ್ಳಿಗೆ ಏನಾರ ಆದ್ರೆ ಯಾರ್ ಒಣೆ?" ಎಂದಳು.

"ನಿನ್ ಗಂಡ ಯಾರನ್ನಾದ್ರೂ ಶಾಲೆ ತಾವ ಕಳ್ಸಿದ್ನಾ ಜಯಾ?"

"ನಂಗೊತ್ತಿಲ್ಲ ಕಣಕ್ಕ. ನನ್ ಮಕ್ಳಾಣೆ." ಅವಳ ದನಿ ಬಿದ್ದುಹೋಗಿತ್ತು. ಗಂಡನನ್ನು ಅವಳೂ ಅನುಮಾನಿಸುತ್ತಿದ್ದಳೆಂದು ಕಾಣುತ್ತದೆ.

ನಾನು ಹೇಳಿಬಿಟ್ಟೆ. "ಎಡದ ಎಸಳ ನಾನೇ ಒತ್ತಿದ್ದು. ಮಕ್ಳು ಬರ್ಲಿ ಅಂತ ನಂಗೇ ಆಸೆ ಇತ್ತು. ಅದು ಅಮ್ಮನ ಅಪ್ಪಣೆ ಅಲ್ಲ."

"ನೋಡ್ದೆ."

"ಏನು ನೋಡ್ದೆ?"

"ನೀ ಎಬ್ಬೆಟ್ಟಲ್ಲಿ ತಿಕ್ಕಿದ್ದ. ಪಕ್ಕದಲ್ಲೇ ಕೂತಿದ್ನಲ್ಲ."

"ಮತ್ತ್ಯಾಕೆ ಸುಮ್ಕಿದ್ದೆ?"

"ನಿಂಗೂ ಅದೇ ಬೇಕು ಅಂತ ಗೊತ್ತಾಯ್ತಲ್ಲ. ಅಮ್ಮನೇ ನಿನ್ ಕೈಲಿ ಒತ್ತಿಸವ್ಳೆ ಅನ್ಕಂಡು ಸುಮ್ಕಾದೆ" ಎಂದು ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು. ನನಗೆ ನಗು ಬಂತು, ಅವಳಿಗೂ ಬಂತು. ಆದರೆ ಇಬ್ಬರೂ ಕಿಟಕಿಯ ಕಡೆಗೇ ತಿರುಗಿ ನಕ್ಕೆವು.

ಮನೆ ತಲುಪಿದಾಗ ಒಂಬತ್ತಾಗಿತ್ತು. ಕೈಕಾಲು ತೊಳೆದು ದೇವರ ಮುಂದೆ ದೀಪ ಹಚ್ಚಿದೆ. ಅವತ್ತಿನಿಂದ ನಾನು ಹೂ ಕೇಳಿಲ್ಲ. ನಿಮಗಾಗಿ ದಿನವೂ ಕೇಳಿಕೊಳ್ಳುವ ಮಾತೊಂದಿದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ತಾಯಿ, ಆ ಮಕ್ಕಳು ಸುಮ್ಮಸುಮ್ಮನೆ ಬಾಗಿಲು ತೆಗೆಯದ ಹಾಗೆ ನೋಡಿಕೋ. ತಟ್ಟುತ್ತಿರುವವಳು ನಾನೇ ಆದರೂ.